ಪಾದರಸ ಮುಟ್ಟಿದ ಕೈಗಳು

ನನ್ನ ತಾಳಿ ಬೆಳ್ಳಗಾಗಿರುವುದನ್ನು ಮೊದಲು ನೋಡಿದವರು ನಮ್ಮತ್ತೆ. ಭಾನುವಾರ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು ಬಾಗಿಲಲ್ಲಿ ಕೂತು ಕೂದಲು ಒಣಗಿಸುತ್ತಿದ್ದೆ. ಕರಿಮಣಿ ಸರ ಸೆರಗಿನಿಂದ ಹೊರಗೆ ಜಾರಿತ್ತು. ಅಕ್ಕಿ ಆರಿಸುತ್ತಿದ್ದ ಅತ್ತೆ ಮೊರ ಕೆಳಗಿಟ್ಟು ಎದ್ದು ಬಂದರು. ತಾಳಿಯನ್ನು ಬೆರಳಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದರು.

"ಏನೇ ಇದು? ನಾವು ಮಾಡ್ಸಿದ್ದು ಚಿನ್ನದ್ದು ತಾನೆ?"

ಎರಡು ಬೊಟ್ಟುಗಳಲ್ಲಿ ಒಂದು ಪೂರ್ತಿಯಾಗಿ, ಇನ್ನೊಂದು ಅಂಚಿನಲ್ಲಿ ಮಾತ್ರ, ಅಲ್ಯೂಮಿನಿಯಂ ಪಾತ್ರೆಯ ಬಣ್ಣಕ್ಕೆ ತಿರುಗಿದ್ದವು. ಸೆರಗಿನಿಂದ ಉಜ್ಜಿದೆ. ಹೋಗಲಿಲ್ಲ. ಹುಣಸೆಹಣ್ಣು ಹಚ್ಚಿ ತಿಕ್ಕಿದೆ. ಬಿಳುಪು ಇನ್ನಷ್ಟು ಹೊಳೆಯಿತು. ಅತ್ತೆ ದೇವರ ಮುಂದೆ ಹೋಗಿ ಕೂತರು. ಲೇತ್ ಕೆಲಸಕ್ಕೆ ಓವರ್‌ಟೈಮ್ ಹೋಗಿದ್ದ ಅವರ ಮಗ ಮಧ್ಯಾಹ್ನ ಮನೆಗೆ ಬರುವವರೆಗೂ ಅವರು ಅಲ್ಲಿಂದ ಏಳಲಿಲ್ಲ. ನಮ್ಮನೆಯವರು ಬಂದು, ವಿಷಯ ಕೇಳಿ ನಕ್ಕು, ಊಟ ಮಾಡಿ ಮಲಗಿದರು. ಅತ್ತೆಗೆ ಆ ನಗು ಸಮಾಧಾನ ಕೊಡಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಕೊಡಲಿಲ್ಲ. ಹೆಣ್ಣುಮಗಳ ತಾಳಿಯ ಬಣ್ಣ ತಾನಾಗಿ ಕೆಡುವುದೆಂದರೆ ಏನರ್ಥ ಎಂದು ಯಾರೂ ನಮಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ನಾನು ಆಗ ಪೀಣ್ಯ ಎರಡನೇ ಹಂತದ ಒಂದು ಶೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದೆ. ಅದಕ್ಕೂ ಮೊದಲು ಹನ್ನೊಂದು ವರ್ಷ ಗಾರ್ಮೆಂಟ್ಸ್‌ನಲ್ಲಿ ಶರ್ಟಿನ ಕಾಲರ್ ಹೊಲಿದವಳು. ಆ ಫ್ಯಾಕ್ಟರಿ ಮುಚ್ಚಿದ ಮೇಲೆ ಮನೆಯಲ್ಲಿ ಕೂತಿದ್ದಾಗ ಲಗ್ಗೆರೆಯ ನಮ್ಮ ಪಕ್ಕದ ಬೀದಿಯ ಅಕ್ಕ ಕರೆದುಕೊಂಡು ಹೋಗಿ ಸೇರಿಸಿದಳು. ಒಡಹುಟ್ಟಿದವಳಲ್ಲ, ಆದರೂ ಅಕ್ಕ ಎಂದೇ ಕರೆದೆ. ನನಗಿಂತ ಎಂಟು ಹತ್ತು ವರ್ಷಕ್ಕೆ ದೊಡ್ಡವಳು, ಗಂಡ ಇಲ್ಲ, ಒಬ್ಬಳೇ ಮಗಳನ್ನು ಅದೇ ಲಗ್ಗೆರೆಯಲ್ಲಿ ಮದುವೆ ಮಾಡಿ ಕೊಟ್ಟಿದ್ದಳು. ಅವಳದು ಆ ಕಡೆಯ ಹಳೇ ಮನೆತನ. ಶೆಡ್ಡಿನ ಹಿಂದೆ ಕಾಣುವ ಟ್ರಾನ್ಸ್‌ಫಾರ್ಮರ್ ತೋರಿಸಿ, "ಅಲ್ಲೇ ಕಣೇ ನಮ್ ಕಣ ಇದ್ದಿದ್ದು, ರಾಗಿ ಬಡೀತಿದ್ವಿ" ಎಂದು ಏನೋ ಪಕ್ಕದ ಮನೆಯ ಸುದ್ದಿ ಹೇಳುವಂತೆ ಹೇಳುತ್ತಿದ್ದಳು.

ಶೆಡ್ಡಿಗೆ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಆಫೀಸುಗಳಿಂದ ಲಾರಿಗಟ್ಟಲೆ ಹಳೇ ಸಾಮಾನು ಬರುತ್ತಿತ್ತು. ಕೀಬೋರ್ಡು, ಪರದೆ, ಯುಪಿಎಸ್ಸು, ವೈರು. ಮುಂದಿನ ಹಾಲಿನಲ್ಲಿ ಅವನ್ನು ಬಿಚ್ಚಿ ಬೇರೆ ಮಾಡುವವರು. ಹಿಂದೆ ತಗಡಿನ ಮಾಡಿನ ಒಂದು ಉದ್ದ ಕೋಣೆ ಇತ್ತು. ಅಲ್ಲಿ ನಾನು, ಅಕ್ಕ, ಮತ್ತೆ ಇಬ್ಬರು ಹೆಂಗಸರು. ನಮ್ಮದು ಗಾಜಿನ ಕೆಲಸ. ಆಫೀಸುಗಳೆಲ್ಲ ಎಲ್‌ಇಡಿ ದೀಪಕ್ಕೆ ಬದಲಾಗುತ್ತಿದ್ದ ಕಾಲ. ಹಳೇ ಟ್ಯೂಬ್‌ಲೈಟುಗಳು ಕಟ್ಟುಕಟ್ಟಾಗಿ ಬಂದು ಬೀಳುತ್ತಿದ್ದವು. ಎರಡೂ ತುದಿಯ ಲೋಹದ ಟೋಪಿ ಮುರಿದು, ಒಳಗಿನ ಬಿಳಿ ಪುಡಿ ಕೊಡವಿ, ಗಾಜನ್ನು ಡ್ರಮ್ಮಿಗೆ ಹಾಕಬೇಕು. ಕಂಪ್ಯೂಟರ್ ಪರದೆಗಳ ಹಿಂದೆ ಊದುಬತ್ತಿಯಷ್ಟು ಸಣ್ಣ ಟ್ಯೂಬುಗಳಿರುತ್ತಿದ್ದವು, ಅವನ್ನೂ ಹಾಗೇ. ಪೀಣ್ಯದ ಫ್ಯಾಕ್ಟರಿಗಳ ಹಳೇ ಕಂಟ್ರೋಲ್ ಪ್ಯಾನೆಲ್ಲುಗಳಲ್ಲಿ ಹೆಬ್ಬೆರಳು ಗಾತ್ರದ ಗಾಜಿನ ಸ್ವಿಚ್ಚುಗಳು ಸಿಗುತ್ತಿದ್ದವು. ಅವನ್ನು ಒಡೆದರೆ ಒಳಗಿನಿಂದ ಪಾದರಸ ಗುಂಡುಗುಂಡಾಗಿ ಮೇಜಿನ ಮೇಲೆ ಉರುಳುತ್ತಿತ್ತು.

ಅದನ್ನು ಕೂಡಿಸಿ ನೀರು ತುಂಬಿದ ಉಪ್ಪಿನಕಾಯಿ ಜಾರಿಗೆ ಹಾಕಬೇಕೆಂದು ಓನರ್ ಹೇಳಿದ್ದರು. ಆ ಕೆಲಸದಲ್ಲಿ ಅಕ್ಕನನ್ನು ಮೀರಿಸಿದವರಿಲ್ಲ. ಹಳೇ ಮದುವೆ ಕಾರ್ಡಿನ ಅಂಚಿನಿಂದ ಅವಳು ಗುಂಡುಗಳನ್ನು ಮೆಲ್ಲಗೆ ತಳ್ಳಿಕೊಂಡು ಹೋಗಿ ಒಂದಕ್ಕೊಂದು ಸೇರಿಸುತ್ತಿದ್ದಳು. ತಪ್ಪಿಸಿಕೊಂಡು ಹೋದದ್ದನ್ನು ಅಂಗೈಯಲ್ಲಿ ಹಿಡಿಯುತ್ತಿದ್ದಳು. "ನೋಡೇ, ಎಂಗ್ ಓಡೋಯ್ತದೆ ನನ್ ಮಗಂದು!" ಎಂದು ನಗುತ್ತಿದ್ದಳು. ನಾವೂ ನಗುತ್ತಿದ್ದೆವು. ಅಂಗೈಯಲ್ಲಿ ಅದರ ತಂಪು, ಭಾರ ಎರಡೂ ಹಿತವಾಗಿರುತ್ತಿದ್ದವು. ಅದೇ ಕೈಯಲ್ಲಿ ಬೆವರು ಒರೆಸಿಕೊಂಡಿದ್ದೇನೆ, ಬಗ್ಗಿದಾಗ ಜೋತಾಡುವ ತಾಳಿಯನ್ನು ಎತ್ತಿ ರವಿಕೆಯೊಳಗೆ ಸೇರಿಸಿಕೊಂಡಿದ್ದೇನೆ.

ಮಾಸ್ಕ್ ಇರಲಿಲ್ಲವೆಂದಲ್ಲ. ತೆಳ್ಳನೆಯ ಬಟ್ಟೆಯದು, ತಿಂಗಳಿಗೊಂದು. ಸಂಜೆ ಹೊರಡುವಾಗ ಓನರ್ ಎಲ್ಲರಿಗೂ ಒಂದೊಂದು ಅಚ್ಚು ಬೆಲ್ಲ ಕೊಡುತ್ತಿದ್ದರು. ಬೆಲ್ಲ ತಿಂದರೆ ಒಳಗೆ ಹೋದ ಧೂಳೆಲ್ಲ ತೊಳೆದುಹೋಗುತ್ತದೆ ಎಂದು ಅವರು ನಿಜವಾಗಿಯೂ ನಂಬಿದ್ದರು. ತಾವೂ ತಿನ್ನುತ್ತಿದ್ದರು. ಕೆಟ್ಟ ಮನುಷ್ಯರಲ್ಲ. ಯಾರ ಮನೆಯಲ್ಲಿ ಕಷ್ಟವೆಂದರೂ ಬೆಳಿಗ್ಗೆ ಬಂದು ವಿಚಾರಿಸುವವರು. ಆದರೆ ತಪಾಸಣೆಗೆ ಯಾರಾದರೂ ಬಂದ ದಿನ ಹಿಂದಿನ ಕೋಣೆಗೆ ಬೀಗ ಬೀಳುತ್ತಿತ್ತು, ನಾವು ನಾಲ್ವರು ಹೊರಗೆ ಹೋಗಿ ಕೂತು ಬರುತ್ತಿದ್ದೆವು.

ತಾಳಿಯನ್ನು ನಾನು ಸೋಮವಾರ ಸಂಜೆ ಲಗ್ಗೆರೆ ಮುಖ್ಯರಸ್ತೆಯಲ್ಲಿ ಚಿನ್ನದ ಕೆಲಸ ಮಾಡುವ ಆಚಾರ್ರ ಅಂಗಡಿಗೆ ತೆಗೆದುಕೊಂಡು ಹೋದೆ. ಕೊರಳಲ್ಲಿ ಅರಿಶಿನದ ದಾರ ಮಾತ್ರ ಇತ್ತು. ಆಚಾರ್ರಿಗೆ ಅರವತ್ತು ದಾಟಿರಬಹುದು. ತಾಳಿಯನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದರು, ಬೆರಳಲ್ಲಿ ಒಮ್ಮೆ ಉಜ್ಜಿದರು, ತಟ್ಟನೆ ಕಾಗದದ ಮೇಲಿಟ್ಟು ಎದ್ದು ಹೋಗಿ ಸೋಪು ಹಾಕಿ ಕೈ ತೊಳೆದು ಬಂದರು.

"ಪಾದರಸ ಮುಟ್ಟಿದ್ದೀರ ತಾಯಿ?"

ಹೌದೆಂದೆ. ಎಲ್ಲಿ, ಏನು ಕೆಲಸ ಎಂದು ಹೇಳಿದೆ.

"ಇದು ಅಪಶಕುನ ಅಲ್ಲ, ಏನೂ ಅಲ್ಲ. ಚಿನ್ನಕ್ಕೆ ಪಾದರಸ ಅಂಟ್ಕೊಳುತ್ತೆ ಅಷ್ಟೆ. ಕಾಯ್ಸಿದ್ರೆ ಹೊಗೆಯಾಗಿ ಬಿಟ್ಟು ಹೋಗುತ್ತೆ."

ನಾನು ಉಸಿರು ಬಿಟ್ಟೆ. ಅತ್ತೆಗೆ ಹೇಳಲು ಒಂದು ಮಾತು ಸಿಕ್ಕಿತಲ್ಲ ಎನ್ನುವ ನಿರಾಳ. ಆದರೆ ಅವರ ಮಾತು ಮುಗಿದಿರಲಿಲ್ಲ.

"ನಮ್ಮಪ್ಪ ದೇವಸ್ಥಾನದ ಕಳಸಕ್ಕೆ ಚಿನ್ನದ ಮುಲಾಮು ಹಾಕೋರು. ಚಿನ್ನಾನ ಪಾದರಸದಲ್ಲಿ ಅರೆದು, ತಾಮ್ರಕ್ಕೆ ಬಳಿದು, ಕೆಂಡದ ಮೇಲೆ ಹಿಡಿಯೋದು. ಪಾದರಸ ಹೋಗುತ್ತೆ, ಚಿನ್ನ ಉಳಿಯುತ್ತೆ. ಹೋಗಿದ್ದು ಎಲ್ಲಿಗೆ ಹೋಯ್ತು ಅಂತೀರ? ಎಲ್ಲಾ ಅವರ ಒಳಕ್ಕೇ ಹೋಯ್ತು. ಮೊದ್ಲು ನಮಗೆ ಗೊತ್ತಾಗಿದ್ದು ಅವರ ಬರವಣಿಗೇಲಿ. ಚೀಟಿ ಬರೆದ್ರೆ ಇರುವೆ ಸಾಲು ಕೆದರಿದ ಹಾಗೆ ಇರೋದು. ಆಮೇಲಾಮೇಲೆ ತುತ್ತು ಬಾಯಿಗೆ ಹೋಗ್ತಿರ್ಲಿಲ್ಲ, ನಾವೇ ತಿನ್ನಿಸ್ತಿದ್ವಿ. ವಾಸನೆ ಇಲ್ಲ, ಬಣ್ಣ ಇಲ್ಲ ತಾಯಿ ಅದಕ್ಕೆ. ತಣ್ಣಗೆ ಕೂತಿದ್ರೂ ಆವಿಯಾಗ್ತಾನೇ ಇರುತ್ತೆ."

ಎರಡು ದಿನ ಬಿಟ್ಟು ತಾಳಿ ಕೊಟ್ಟರು. ಮಹಡಿಯ ಮೇಲೆ, ಗಾಳಿಗೆ ಬೆನ್ನು ಮಾಡಿ ನಿಂತು, ಮೂಗಿಗೆ ಒದ್ದೆ ಟವೆಲ್ ಕಟ್ಟಿಕೊಂಡು ಕಾಯಿಸಿದೆನೆಂದರು. ಚಿನ್ನ ಮತ್ತೆ ಹಳದಿಯಾಗಿತ್ತು, ಸ್ವಲ್ಪ ತರಿತರಿಯಾಗಿ. "ಇನ್ಮೇಲೆ ಇದನ್ನ ಅಲ್ಲಿಗೆ ಹಾಕ್ಕೊಂಡು ಹೋಗ್ಬೇಡಿ" ಎಂದರು. ನಾನು ಮೆಟ್ಟಿಲು ಇಳಿದ ಮೇಲೆ ಹಿಂದಿನಿಂದ, "ನೀವೂ ಹೋಗ್ಬೇಡಿ" ಎಂದರು.

ನಾನು ಪಿಯುಸಿ ಓದಿದವಳಾದ್ದರಿಂದ ಶೆಡ್ಡಿನ ಹಾಜರಿ ಪುಸ್ತಕ ನನ್ನ ಸುಪರ್ದಿಯಲ್ಲಿತ್ತು. ಬೆಳಿಗ್ಗೆ ಎಲ್ಲರೂ ಬಂದು ಸಹಿ ಹಾಕಿ ಒಳಗೆ ಹೋಗುವುದು. ಅಕ್ಕ ಶಾಲೆಗೆ ಹೋದವಳಲ್ಲ. ಮಹಿಳಾ ಸಂಘದಲ್ಲಿ ಕಷ್ಟಪಟ್ಟು ತನ್ನ ಹೆಸರಿನ ಮೂರಕ್ಷರ ಕಲಿತಿದ್ದಳು. ಹೆಬ್ಬೆಟ್ಟು ಒತ್ತುವವರನ್ನು ನೋಡಿದರೆ ಅವಳಿಗೆ ಒಳಗೊಳಗೇ ಜಂಬ. ಪೆನ್ನು ಗಟ್ಟಿಯಾಗಿ ಹಿಡಿದು, ನಾಲಗೆ ತುದಿ ಕಚ್ಚಿ, ದುಂಡಗೆ ಬರೆದು, ಕೊನೆಯ ಅಕ್ಷರದ ಬಾಲವನ್ನು ಉದ್ದಕ್ಕೆ ಎಳೆಯುತ್ತಿದ್ದಳು. ಆಚಾರ್ರ ಮಾತು ಕೇಳಿದ ಮಾರನೆಯ ದಿನ ಪುಸ್ತಕದ ಹಿಂದಿನ ಹಾಳೆಗಳನ್ನು ತಿರುಗಿಸಿದೆ. ಒಂದು ವರ್ಷದ ಹಿಂದಿನ ಸಹಿ ದುಂಡಗೇ ಇತ್ತು. ಈಚೆಗೆ ಬಂದಂತೆ ಅಕ್ಷರಗಳ ಅಂಚುಗಳು ಹಲ್ಲುಹಲ್ಲಾಗಿದ್ದವು. ಆ ವಾರದ್ದಂತೂ ನಡುಗುವ ಗೆರೆ ಮಾತ್ರ, ಬಾಲವೇ ಇರಲಿಲ್ಲ. ದಿನಾ ನನ್ನ ಕಣ್ಣೆದುರೇ ಹಾಕಿದ ಸಹಿಗಳು. ನಾನು ನೋಡಿರಲಿಲ್ಲ.

ಊಟದ ಹೊತ್ತಿನಲ್ಲಿ ಅಕ್ಕನಿಗೆ ಎಲ್ಲ ಹೇಳಿದೆ. ಅವಳು ಮುದ್ದೆ ಮುರಿಯುತ್ತಿದ್ದಳು. ಬೆರಳುಗಳು ಸಣ್ಣಗೆ ಅದುರುತ್ತಿದ್ದವು.

"ವಯಸ್ಸಾದ್ರೆ ಕೈ ಅದುರಲ್ವೇನೇ? ನಮ್ಮವ್ವಂಗೂ ಇಂಗೇ ಅದುರ್ತಿತ್ತು, ಬುಡು" ಎಂದಳು.

"ನಿಮ್ಮವ್ವಂಗೆ ಎಂಬತ್ತು ಅಕ್ಕ. ನಿನಗೆ ಐವತ್ತೈದೂ ಆಗಿಲ್ಲ."

"ಬಿಟ್ ಬುಟ್ಟು ಎಲ್ಲಿಗೋಗ್ಲಿ? ಮಗಳ ಮನೆ ಬಾಗ್ಲಲ್ಲಿ ಕೂತ್ಕೊಳ್ಲಾ?"

ನಾನೇ ಬಿಟ್ಟಿರಲಿಲ್ಲವಲ್ಲ.

ಓನರಿಗೆ ಹೇಳಿದೆ. ತಾಳಿಯ ವಿಷಯ ಕೇಳಿ ಅವರು ಗಾಬರಿಯಾದರು. ಅವರ ಮನೆಯಲ್ಲೂ ಹೆಂಗಸರಿದ್ದರು. ಯೋಚಿಸಿ, ಮಾರನೆಯ ದಿನ ಒಂದು ರಟ್ಟು ತಂದು ನನ್ನ ಮುಂದಿಟ್ಟು, "ನಿನ್ನ ಅಕ್ಷರ ಚೆನ್ನಾಗಿದೆ, ಬರೀಮ್ಮ" ಎಂದರು. ಒಡವೆ ಧರಿಸಿ ಹಿಂದಿನ ಕೋಣೆಗೆ ಬರಬಾರದು. ನಾನು ದಪ್ಪ ಅಕ್ಷರದಲ್ಲಿ ಬರೆದು ಬಾಗಿಲಿಗೆ ಅಂಟಿಸಿದೆ. ಅಂದಿನಿಂದ ನಾವು ತಾಳಿ, ಓಲೆ, ಉಂಗುರ ಎಲ್ಲ ಮನೆಯಲ್ಲಿ ಬಿಟ್ಟು ಬರುತ್ತಿದ್ದೆವು. ಚಿನ್ನ ಕಾಪಾಡಿಕೊಂಡೆವು. ಹಿಂದಿನ ಕೋಣೆಯಲ್ಲಿ ಬದಲಾದದ್ದು ಅಷ್ಟೇ.

ಆ ವರ್ಷದ ಬೇಸಿಗೆಯಲ್ಲಿ ತಗಡಿನ ಮಾಡು ಕಾದು ಕೋಣೆ ಒಲೆಯಂತಾಗುತ್ತಿತ್ತು. ಅಕ್ಕ ಬೇರೆ ಮನುಷ್ಯಳಾಗತೊಡಗಿದಳು. ಬೀದಿಯವರನ್ನೆಲ್ಲ ತಾನಾಗಿ ಮಾತಾಡಿಸುತ್ತಿದ್ದವಳು ಯಾರಾದರೂ ದಿಟ್ಟಿಸಿದರೆ ಮುಖ ಮುಚ್ಚಿಕೊಳ್ಳುವಳು. ಸುಮ್ಮನೆ ಅಳುವಳು. ಸಣ್ಣ ಮಾತಿಗೆ ಸಿಡಿದೇಳುವಳು. ಒಮ್ಮೆ ಜೊತೆಯ ಹೆಂಗಸು ತನ್ನ ಸ್ಟೂಲ್ ಎಳೆದುಕೊಂಡಳೆಂದು ಅವಳತ್ತ ಟ್ಯೂಬಿನ ಟೋಪಿ ಎಸೆದಳು. ಹಲ್ಲುಜ್ಜಿದರೆ ವಸಡಿನಲ್ಲಿ ರಕ್ತ, ಬಾಯಲ್ಲಿ ಸದಾ ತುಕ್ಕಿನ ರುಚಿ. ಆ ರುಚಿ ನನ್ನ ಬಾಯಲ್ಲೂ ಇತ್ತು, ಹೇಳಿಕೊಂಡಿರಲಿಲ್ಲ. ಬೀದಿಯ ಕ್ಲಿನಿಕ್ಕಿನಲ್ಲಿ ನರದ ವೀಕ್‌ನೆಸ್ ಎಂದು ಶಕ್ತಿಯ ಇಂಜೆಕ್ಷನ್ ಕೊಟ್ಟರು. ಒಂದು ದಿನ ಮಗಳ ಮನೆಯಲ್ಲಿ ಒಲೆಯಿಂದ ಇಳಿಸುತ್ತಿದ್ದ ಸಾರಿನ ಪಾತ್ರೆ ಅವಳ ಕೈಯಿಂದ ಜಾರಿ ಪಾದದ ಮೇಲೆ ಬಿತ್ತು. ಆಗ ಮಗಳು ಹೆದರಿ ನನ್ನ ಹತ್ತಿರ ಬಂದಳು.

"ಆಂಟಿ, ದೊಡ್ಡಾಸ್ಪತ್ರೆಗೆ ತೋರಿಸ್ಬೇಕು. ನನಗೆ ರಜಾ ಸಿಗಲ್ಲ. ನೀವು ಜೊತೇಲಿ ಹೋಗ್ತೀರ?"

ಸರ್ಕಾರಿ ಆಸ್ಪತ್ರೆಯ ನರರೋಗದ ವಿಭಾಗದಲ್ಲಿ ಬೆಳಿಗ್ಗೆಯಿಂದ ಕೂತು ಮಧ್ಯಾಹ್ನದ ಹೊತ್ತಿಗೆ ನಮ್ಮ ಸರದಿ ಬಂತು. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಅಕ್ಕನ ಕೈ ಚಾಚಿಸಿ ನೋಡಿದಳು, ಮೂಗು ಮುಟ್ಟಿಕೊಳ್ಳಲು ಹೇಳಿದಳು, ನಡೆಸಿದಳು. ಆಮೇಲೆ ಕೇಳಿದಳು.

"ಏನ್ ಕೆಲ್ಸ ಮಾಡ್ತೀರಮ್ಮ?"

"ಹೌಸ್‌ಕೀಪಿಂಗ್" ಎಂದಳು ಅಕ್ಕ.

ಯಾರು ಕೇಳಿದರೂ ಹಾಗೇ ಹೇಳಬೇಕೆಂದು ನಮಗೆ ಶೆಡ್ಡಿನಲ್ಲಿ ಹೇಳಿದ್ದರು. ಮೇಜಿನ ಕೆಳಗೆ ಅಕ್ಕ ನನ್ನ ತೊಡೆಯನ್ನು ಬಲವಾಗಿ ಚಿವುಟಿದಳು. ಡಾಕ್ಟರು ನನ್ನ ಕಡೆ ತಿರುಗಿದಳು. ನಾನು ಗೋಡೆಯ ಮೇಲಿದ್ದ ಮಿದುಳಿನ ಚಿತ್ರ ನೋಡುತ್ತಾ ಕೂತೆ. ಅವಳು ಏನೋ ಮಾತ್ರೆ ಬರೆದು, ಸ್ಕ್ಯಾನಿಂಗಿಗೆ ಚೀಟಿ ಕೊಟ್ಟು ಕಳಿಸಿದಳು. ಬಸ್ಸಿನಲ್ಲಿ ಅಕ್ಕ ನನ್ನ ಹೆಗಲಿಗೆ ತಲೆಯಿಟ್ಟು ನಿದ್ದೆ ಹೋದಳು. ಅವಳ ಕೈ ನನ್ನ ಮಡಿಲಲ್ಲಿತ್ತು. ನಿದ್ದೆಯಲ್ಲಿ ಅದು ಅಲುಗುತ್ತಿರಲಿಲ್ಲ. ಚೆನ್ನಾಗಿಯೇ ಇದೆಯೇನೋ ಎನ್ನುವಂತೆ ಬಿದ್ದುಕೊಂಡಿತ್ತು. ಗೊರಗುಂಟೆಪಾಳ್ಯ ದಾಟುವಷ್ಟರಲ್ಲಿ ನನ್ನ ಬಗ್ಗೆ ನನಗೇ ಹೇಸಿಗೆ ಹುಟ್ಟಿತ್ತು.

ನಾಲ್ಕು ದಿನ ಬಿಟ್ಟು ಹಾಜರಿ ಪುಸ್ತಕದ ಹಾಳೆಗಳ ಫೋಟೋ ತೆಗೆದುಕೊಂಡೆ. ಮೈ ಸರಿಯಿಲ್ಲವೆಂದು ರಜೆ ಹಾಕಿ ಒಬ್ಬಳೇ ಆಸ್ಪತ್ರೆಗೆ ಹೋದೆ. ಆ ಡಾಕ್ಟರಮ್ಮನ ಮುಂದೆ ಫೋನಿಟ್ಟು ಒಂದೊಂದೇ ಸಹಿ ತೋರಿಸಿದೆ. ಹೋದ ವರ್ಷದ್ದು, ಆರು ತಿಂಗಳ ಹಿಂದಿನದು, ಮೊನ್ನೆಯದು. ಪಾದರಸದ ಜಾರಿನ ವಿಷಯವನ್ನೂ, ಅಕ್ಕ ಸಿಡುಕುವುದು, ಅಳುವುದು, ಮುಖ ಮುಚ್ಚಿಕೊಳ್ಳುವುದನ್ನೂ ಹೇಳಿದೆ. ಅವಳು ಹೊರಗೆ ಕಾಯುತ್ತಿದ್ದವರನ್ನೂ ಮರೆತು ಆ ಚಿತ್ರಗಳನ್ನು ಹಿಂದಕ್ಕೂ ಮುಂದಕ್ಕೂ ಸರಿಸಿ ನೋಡಿದಳು.

"ಇದನ್ನ ಅವತ್ತೇ ಹೇಳ್ಬೇಕಿತ್ತಲ್ವಾ?" ಎಂದಳು. ಬೈದ ಹಾಗಿರಲಿಲ್ಲ, ಆದರೂ ನನಗೆ ಕಣ್ಣೀರು ಬಂತು. "ಕೋಪ, ನಾಚಿಕೆ, ಅಳು, ಇವೆಲ್ಲ ಅದರಿಂದಲೇ ಬರುತ್ತೆ. ಬರೀ ಕೈಗಲ್ಲ, ಸ್ವಭಾವಕ್ಕೂ ಕೈ ಹಾಕುತ್ತೆ ಅದು. ನಿಮ್ಮನ್ನೂ ಪರೀಕ್ಷೆ ಮಾಡ್ಬೇಕು."

ಇಬ್ಬರದೂ ಮೂತ್ರ ಪರೀಕ್ಷೆಯಾಯಿತು. ಮಗಳ ಬಲವಂತಕ್ಕೆ ಅಕ್ಕ ಒಪ್ಪಿದ್ದಳು, ಏತಕ್ಕೆಂದು ಸರಿಯಾಗಿ ತಿಳಿಯದೆ. ನನ್ನದರಲ್ಲಿ ಪಾದರಸ ಇರಬಾರದಷ್ಟಿತ್ತು. ಅಕ್ಕನದರಲ್ಲಿ ಅದಕ್ಕಿಂತ ಎಷ್ಟೋ ಪಾಲು ಹೆಚ್ಚಿತ್ತು. ಮೈಯಿಂದ ಪಾದರಸ ಹೊರಹಾಕುವ ಮಾತ್ರೆ ಕೊಟ್ಟರು. ಈ ಕೆಲಸದಿಂದ ಇವರನ್ನು ಕೂಡಲೇ ಬಿಡಿಸಬೇಕು, ಕೋಣೆಗೆ ಸರಿಯಾದ ಗಾಳಿಯ ವ್ಯವಸ್ಥೆ ಮಾಡಬೇಕು, ಉಳಿದವರನ್ನೂ ಪರೀಕ್ಷೆಗೆ ಕಳಿಸಬೇಕು ಎಂದು ಡಾಕ್ಟರಮ್ಮ ಓನರಿಗೆ ಒಂದು ಪತ್ರ ಬರೆದುಕೊಟ್ಟಳು.

ಆಸ್ಪತ್ರೆಯ ಗೇಟಿನಲ್ಲಿ ಅಕ್ಕ ಕೇಳಿದಳು, "ಅವಳಿಗೆ ಯಾರು ಯೋಳಿದ್ದು?"

"ನಾನೇ" ಎಂದೆ.

"ಆ ಕಾಗ್ದ ಹರಿದಾಕು."

"ಅಕ್ಕ, ನಿನ್ನ ಕೈ ನೋಡ್ಕೊ."

"ನನ್ ಕೈ ನಂದು. ಕೊಟ್ಟೀಯ ಅಂದ್ರೆ ನನ್ ಹೆಣ ನೋಡ್ದಂಗೆ."

ನಾನು ಕೊಟ್ಟೆ. ಮೂರು ದಿನ ಬ್ಯಾಗಿನಲ್ಲಿಟ್ಟುಕೊಂಡು ತಿರುಗಿ, ನಾಲ್ಕನೆಯ ದಿನ ಅಕ್ಕ ಮತ್ತೆ ಮದುವೆ ಕಾರ್ಡು ಹಿಡಿದು ಗುಂಡುಗಳನ್ನು ಅಟ್ಟಿಸಿಕೊಂಡು ಹೋಗುವುದನ್ನು ನೋಡಲಾಗದೆ ಕೊಟ್ಟೆ. ಕಾರ್ಡು ಅವಳ ಕೈಯಲ್ಲಿ ಎಷ್ಟು ನಡುಗುತ್ತಿತ್ತೆಂದರೆ ಒಂದು ಗುಂಡೂ ಜಾರಿನೊಳಗೆ ಸೇರುತ್ತಿರಲಿಲ್ಲ, ಎಲ್ಲ ನೆಲಕ್ಕೆ ಸಿಡಿಯುತ್ತಿದ್ದವು. ಓನರ್ ಪತ್ರವನ್ನು ಎರಡು ಸಲ ಓದಿ ಮಡಿಸಿ ಜೇಬಿಗಿಟ್ಟುಕೊಂಡರು. ಅಕ್ಕನನ್ನು ಕರೆದು, "ಅಮ್ಮ, ನೀವು ಸ್ವಲ್ಪ ದಿನ ರೆಸ್ಟ್ ತಗೊಳ್ಳಿ, ಆಮೇಲೆ ನೋಡೋಣ" ಎಂದರು. ಆ ಆಮೇಲೆ ಬರುವುದಿಲ್ಲವೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅಕ್ಕ ಓನರನ್ನು ನೋಡಲಿಲ್ಲ, ನನ್ನನ್ನೇ ನೋಡಿದಳು. ಚಪ್ಪಲಿ ಹಾಕಿಕೊಳ್ಳಲು ಬಗ್ಗಿ, ಕಾಲು ತೂರದೆ, ಅವನ್ನು ಕೈಯಲ್ಲಿ ಹಿಡಿದುಕೊಂಡೇ ಗೇಟು ದಾಟಿ ಹೋದಳು.

ನನ್ನನ್ನು ಮುಂದಿನ ಹಾಲಿಗೆ, ಕೀಬೋರ್ಡ್ ಬಿಚ್ಚುವಲ್ಲಿಗೆ ಹಾಕಿದರು. ಹಿಂದಿನ ಕೋಣೆಗೆ ಒಂದು ಫ್ಯಾನ್ ಬಂತು. ಅದು ಗಾಳಿಯನ್ನು ಹೊರಗೆ ಕಳಿಸದೆ ಅಲ್ಲಲ್ಲೇ ತಿರುಗಿಸುತ್ತಿತ್ತು. ನಮ್ಮ ಜಾಗಕ್ಕೆ ದೂರದ ಊರಿನಿಂದ ಬಂದ ಇಬ್ಬರು ಹೆಂಗಸರು ಸೇರಿದರು. ಅವರಿಗೆ ಕನ್ನಡ ಬಾರದು. ಜಾರನ್ನು ತೋರಿಸಿ, ಮೂಗು ಮುಚ್ಚಿಕೊಂಡು, ಕೈ ನಡುಗಿಸಿ, ಸನ್ನೆ ಮಾಡಿ ಹೇಳಿದೆ. ನಾನು ಆಟವಾಡುತ್ತಿದ್ದೇನೆಂದು ಅವರು ನಕ್ಕರು. ಆ ನಗು ಕೇಳಿದ ಮೇಲೆ ನನಗೆ ಅಲ್ಲಿರಲಾಗಲಿಲ್ಲ. ತಿಂಗಳು ತುಂಬುತ್ತಲೇ ಬಿಟ್ಟೆ. ಡಾಕ್ಟರಮ್ಮ ಹೇಳಿಕೊಟ್ಟ ಪ್ರಕಾರ ಕಾರ್ಮಿಕ ಇಲಾಖೆಗೆ ಒಂದು ದೂರಿನ ಅರ್ಜಿಯನ್ನೂ ಬರೆದುಕೊಟ್ಟೆ. ಅದರಿಂದ ಏನಾಯಿತೋ ನನಗೆ ತಿಳಿಯಲಿಲ್ಲ. ಮುಂದೆ ಒಂದು ದಿನ ಆ ದಾರಿಯಲ್ಲಿ ಹೋದಾಗ ಶೆಡ್ಡು ಖಾಲಿಯಾಗಿತ್ತು. ನೆಲಮಂಗಲದ ಆಚೆ ಎಲ್ಲೋ ಹೋದರಂತೆ. ಹಿಂದಿನ ಕೋಣೆಯಿದ್ದ ಕಡೆ ಯಾರೋ ಹೊಸದಾಗಿ ಟೈಲ್ಸ್ ಗೋಡೌನ್ ಮಾಡುತ್ತಿದ್ದರು. ಕೂಲಿಯವರು ಅದೇ ನೆಲದ ಮೇಲೆ ಕೂತು ಊಟ ಮಾಡುತ್ತಿದ್ದರು.

ಈಗ ನಾನು ಒಂದು ಹೆಣ್ಣುಮಕ್ಕಳ ಪಿಜಿಯಲ್ಲಿ ಅಡಿಗೆ ಮಾಡುತ್ತೇನೆ. ನನ್ನ ಬಾಯಿಯ ತುಕ್ಕು ರುಚಿ ಹೋಗಿದೆ. ಅಕ್ಕನ ನಡುಕ ಅರ್ಧಕ್ಕೆ ಇಳಿದು ಅಲ್ಲಿಗೇ ನಿಂತಿತು. ಲೋಟ ಹಿಡಿಯುತ್ತಾಳಂತೆ, ಸೂಜಿಗೆ ದಾರ ಪೋಣಿಸಲಾರಳು. ಅವಳು ಯಾವುದು ಬೇಡವೆಂದಿದ್ದಳೋ ಅದೇ ಆಯಿತು. ಮನೆ ಖಾಲಿ ಮಾಡಿ ಮಗಳ ಜೊತೆಗಿದ್ದಾಳೆ. ನನ್ನ ಜೊತೆ ಮಾತು ಬಿಟ್ಟಳು. ಮೊದಲ ಸಲ ಹಣ್ಣು ತೆಗೆದುಕೊಂಡು ನೋಡಲು ಹೋದಾಗ ಬಾಗಿಲಲ್ಲೇ, "ನನ್ ಅನ್ನ ಕಿತ್ಕೊಂಡೆ, ಈಗ ಬಾಳೆಹಣ್ ತಂದವಳೆ" ಎಂದು ಬೀದಿಗೆ ಕೇಳುವಂತೆ ಕೂಗಿದಳು. ಮಗಳು ನನ್ನನ್ನು ಈಚೆಗೆ ಕರೆದು, "ಮನಸ್ಸಿಗೆ ಹಚ್ಕೋಬೇಡಿ ಆಂಟಿ, ಅಮ್ಮ ಎಲ್ಲರ ಮೇಲೂ ಹೀಗೇ ರೇಗ್ತಾರೆ. ಕಾಯಿಲೆ ಅದು" ಎಂದಳು.

ಕಾಯಿಲೆಯೇ ಇರಬಹುದು. ಡಾಕ್ಟರಮ್ಮನೂ ಹಾಗೇ ಅಂದಿದ್ದಳಲ್ಲ. ಆದರೆ ನನಗೆ ಅದು ಎಂದೂ ಪೂರ್ತಿ ಬಗೆಹರಿದಿಲ್ಲ. ಅವಳ ಕೋಪದಲ್ಲಿ ಪಾದರಸದ ಪಾಲೆಷ್ಟು, ಅವಳ ಪಾಲೆಷ್ಟು? ಅಕ್ಕನಿಗೆ ನನ್ನ ಮೇಲೆ ಸಿಟ್ಟಾಗಲು ಸರಿಯಾದ ಕಾರಣವೇ ಇತ್ತು. ಅದನ್ನು ಕಾಯಿಲೆಯ ಲೆಕ್ಕಕ್ಕೆ ಹಾಕಿ ಹಗುರಾಗುವುದು ಅವಳಿಗೆ ಮಾಡುವ ಇನ್ನೊಂದು ಅನ್ಯಾಯ ಎನಿಸುತ್ತದೆ.

ಆದರೂ ತಿಂಗಳಿಗೊಮ್ಮೆ ಹೋಗುತ್ತೇನೆ. ಒಳಗೆ ಹೋಗುವುದಿಲ್ಲ. ಹೊರಗಿನ ಕಟ್ಟೆಯ ಮೇಲೆ ಕೂತು ಮಗಳ ಹತ್ತಿರ ನಾಲ್ಕು ಮಾತಾಡಿ ಬರುತ್ತೇನೆ. ಹೋದ ಸಲ ಒಳಗಿನಿಂದ ಅಕ್ಕನ ದನಿ ಕೇಳಿಸಿತು.

"ಯಾರೇ ಬಂದಿರೋದು?"

"ಶೆಡ್ಡಿನ ಆಂಟಿ, ಅಮ್ಮ."

ಮಗಳು ನನ್ನ ಮುಖ ನೋಡಿದಳು. ನಾನು ಎದ್ದು ಸೆರಗು ಸರಿಮಾಡಿಕೊಂಡೆ.

"ಕಾಪಿ ಕೊಟ್ಟು ಕಳ್ಸು" ಎಂದಳು ಅಕ್ಕ ಒಳಗಿನಿಂದ. "ಒಳಕ್ ಕರೀಬ್ಯಾಡ."

ಮಗಳು ಕಾಫಿ ತಂದಳು. ಸಕ್ಕರೆ ಜಾಸ್ತಿಯಾಗಿತ್ತು. ಕಟ್ಟೆಯ ಮೇಲೆ ಕೂತು ಪೂರ್ತಿ ಕುಡಿದೆ. ಬೀದಿ ನಲ್ಲಿಯಲ್ಲಿ ಲೋಟ ತೊಳೆದು ಕಿಟಕಿಯ ಮೇಲಿಟ್ಟು ಮನೆಗೆ ಬಂದೆ.